ನೀರಣ್ಣನ ಹಿಂದಿನ ಚಕ್ರ

ಮೂವತ್ನಾಲ್ಕು, ಮೂವತ್ತೈದು, ಮೂವತ್ತಾರು. ಲೇತ್ ಕೆಲಸದ ಟರ್ನರನ ಹೆಬ್ಬೆರಳಿಗೆ ಮತ್ತೆ ಸೀಮೆಸುಣ್ಣದ ಗುರುತಿದ್ದ ಮೊದಲ ತೂತೇ ಸಿಕ್ಕಿತು. ತನ್ನಷ್ಟಕ್ಕೆ ಬೈದುಕೊಂಡು ಮೂರನೆಯ ಸಲ ಎಣಿಸತೊಡಗಿದ. ಹಿತ್ತಲ ಶೆಡ್ಡಿನಲ್ಲಿ ಹಳೆಯ ಮೋಟಾರ್‌ಸೈಕಲ್ಲು ಹಿಂದಿನ ಚಕ್ರವಿಲ್ಲದೆ ಇಟ್ಟಿಗೆಗಳ ಮೇಲೆ ನಿಂತಿತ್ತು. ಗೋಡೆಗೆ ತೂಗುಹಾಕಿದ್ದ ಅದರ ರಿಮ್ಮಿಗೆ ನಲವತ್ತು ತೂತು. ಕೈಯಲ್ಲಿದ್ದ ಹಬ್‌ಗೆ, ಅಂದರೆ ಚಕ್ರದ ನಟ್ಟನಡುವೆ ಕೂತು ಕಡ್ಡಿಗಳನ್ನೆಲ್ಲ ಹಿಡಿದಿಡುವ ತುಂಡಿಗೆ, ಮೂವತ್ತಾರೇ. ಎಷ್ಟು ಸಲ ಎಣಿಸಿದರೂ ಹೊಸ ತೂತು ಹುಟ್ಟುವುದಿಲ್ಲವಲ್ಲ.

ಒಳಗೆ ನಡುಮನೆಯಲ್ಲಿ ನೀರಣ್ಣನನ್ನು ಮಲಗಿಸಿದ್ದರು. ಬೀದಿಬೀದಿಯ ವಾಲ್ವ್ ತಿರುಗಿಸಿ ಮನೆಗಳಿಗೆ ನೀರು ಬಿಡುವುದು ಅವನ ಕೆಲಸ. ಮೂವತ್ತು ವರ್ಷದಲ್ಲಿ ಜನ ಅವನ ನಿಜವಾದ ಹೆಸರನ್ನೇ ಮರೆತಿದ್ದರು. ನಿನ್ನೆ ಭಾನುವಾರ, ಯಾವುದೋ ಗುಜರಿ ಅಂಗಡಿಯಲ್ಲಿ ಹಬ್ ಇದೆಯೆಂದು ಕೇಳಿ ಹೋದವನು, ಅದನ್ನು ಚೀಲಕ್ಕೆ ಹಾಕಿಕೊಂಡು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟಿದ್ದ. ಯಾವಾಗಲೂ ಜೊತೆಗಿರುತ್ತಿದ್ದ ಟರ್ನರ್ ನಿನ್ನೆ ಮೈ ಸರಿಯಿಲ್ಲವೆಂದು ಉಳಿದುಬಿಟ್ಟಿದ್ದ. ಹೋಗಿದ್ದರೆ ತೂತುಗಳನ್ನು ಅಲ್ಲೇ ಎಣಿಸುತ್ತಿದ್ದ.

"ಬೆಳಿಗ್ಗೆ ನಲ್ಲೀಲಿ ನೀರು ಬಂತು ಕಣ್ರೀ," ಎದುರುಮನೆಯಾಕೆ ಒಳಗೆ ಹೇಳುತ್ತಿದ್ದಳು. "ಅವರಿಲ್ದೇನೂ ಬಂದ್ಬಿಡ್ತಲ್ಲ ಅಂತ ಕೊಡ ಹಿಡ್ಕೊಂಡೇ ಅತ್ಬಿಟ್ಟೆ."

"ಒಂದಿನ ತಪ್ಪಿಸ್ದೋರಲ್ಲ," ಇನ್ಯಾರೋ ಅಂದರು. "ಭಾನುವಾರ ಮಾತ್ರ ಬೇಗ ಬಿಟ್ಟು ಓಡೋರು. ಆ ಗಾಡಿ ಹುಚ್ಚು."

ಶೆಡ್ಡಿನ ಬಾಗಿಲಲ್ಲಿ ನೀರಣ್ಣನ ಹೆಂಡತಿ ಬಂದು ನಿಂತಳು. ಅತ್ತೂ ಅತ್ತೂ ಮುಖ ಊದಿತ್ತು.

"ಅದೇನಾ? ಅವರು ಹುಡುಕ್ತಿದ್ದಿದ್ದು ಅದೇನಾ?"

ಟರ್ನರ್ ಹಬ್ಬನ್ನು ಪಂಚೆಯಲ್ಲಿ ಒರೆಸಿದ.

"ಹೂಂ ಅನ್ನಿ, ಸಾಕು. ಸಿಕ್ತು ಅಂತ ಖುಷೀಲಿ ಹೋದ್ರು ಅಂದ್ಕೋತೀನಿ. ನಿನ್ನೆ ಹೊರಡೋವಾಗ ನಾನು ಏನಂದೆ ಗೊತ್ತಾ? ಸವತಿ ಮನೆಗೆ ಹೊರಟ್ರಾ, ಅಲ್ಲೇ ಇದ್ದುಬಿಡಿ ಅಂದೆ. ಅದೇ ಕೊನೇ ಮಾತು."

*

ಒಂಬತ್ತು ವರ್ಷದ ಹಿಂದೆ ಗಾಡಿಯ ಮೂಲ ಹಬ್ ಗಟ್ಟಿಯಾಗಿಯೇ ಇತ್ತು. ಬೇರಿಂಗ್ ಸವೆದಿತ್ತು, ಅಷ್ಟೆ. ಹೊಸದು ಕೂರಿಸಿಕೊಡು ಎಂದು ನೀರಣ್ಣ ಅದನ್ನು ಟವಲಿನಲ್ಲಿ ಸುತ್ತಿ ಎಳೆಗೂಸಿನಂತೆ ತಂದಿದ್ದ. ಅಲ್ಯೂಮಿನಿಯಂ ಹಬ್ಬನ್ನು ಮೊದಲು ಬಿಸಿ ಮಾಡಬೇಕು. ಅದು ಹಿಗ್ಗಿದರೆ ಬೇರಿಂಗ್ ತಾನಾಗಿ ಇಳಿಯುತ್ತದೆ. ಲೇತ್ ಹಿಡಿದವನಿಗೆ ಇದು ಅ ಆ ಇ ಈ. ಆದರೆ ಅವತ್ತು ಸ್ಟೌ ಹಚ್ಚಲು ಟರ್ನರನಿಗೆ ಸೋಮಾರಿತನ, ಹೊಟ್ಟೆ ಬೇರೆ ಹಸಿದಿತ್ತು, ಇಂಥವನ್ನು ಎಷ್ಟು ನೋಡಿಲ್ಲ ಎಂಬ ಜಂಬ ಎಲ್ಲಕ್ಕಿಂತ ಹೆಚ್ಚಾಗಿತ್ತು. ತಣ್ಣಗಿದ್ದ ಹಬ್ಬಿಗೇ ಬೇರಿಂಗ್ ಇಟ್ಟು ಸುತ್ತಿಗೆಯಲ್ಲಿ ಬಡಿದ. ಮೂರನೆಯ ಏಟಿಗೆ ಟಿಕ್ ಎಂದಿತು. ಕೂದಲೆಳೆಯಷ್ಟು ಬಿರುಕು.

"ಇದು ಮೊದ್ಲೇ ಬಿರುಕು ಬಿಟ್ಟಿತ್ತು ಕಣೋ," ಎಂದ ಸಂಜೆ. "ಗ್ರೀಸ್ ಒರೆಸಿದ ಮೇಲೆ ಕಾಣಿಸ್ತು."

ನೀರಣ್ಣ ಅವನ ಎರಡೂ ಕೈ ಹಿಡಿದುಕೊಂಡಿದ್ದ. "ಸದ್ಯ, ನೀನು ನೋಡಿದ್ಯಲ್ಲ! ಇಲ್ದಿದ್ರೆ ಹೆಂಡ್ತಿ ಸಮೇತ ಬೀಳ್ತಿದ್ದೆ."

ಆ ಗಾಡಿಯ ಕಂಪನಿ ಮುಚ್ಚಿ ಯಾವ ಕಾಲವಾಗಿತ್ತೋ. ಅಂದಿನಿಂದ ಪ್ರತಿ ಭಾನುವಾರ ಗುಜರಿ ಸುತ್ತಾಟ. ಟರ್ನರನೂ ತಪ್ಪದೆ ಹೋಗುತ್ತಿದ್ದ. ಎಂಥಾ ಗೆಳೆಯನಪ್ಪಾ ಎಂದು ಜನ ಹೊಗಳಿದಾಗಲೆಲ್ಲ ಅವನಿಗೆ ಅನ್ನ ಸೇರುತ್ತಿರಲಿಲ್ಲ.

*

ಹೂಂ ಅನ್ನಲು ಟರ್ನರ್ ಬಾಯಿ ತೆರೆದ. ಅವತ್ತಿನ ಸುಳ್ಳೂ ಹೀಗೇ ನಾಲಿಗೆ ತುದಿಗೆ ತಾನಾಗಿ ಬಂದಿತ್ತು. ಹಬ್ಬನ್ನು ಕೆಳಗಿಟ್ಟ.

"ಅಲ್ಲ ಅತ್ತಿಗೆ. ಇದು ಕೂರಲ್ಲ." ಆಮೇಲೆ ನೆಲ ನೋಡುತ್ತ ಎಲ್ಲವನ್ನೂ ಹೇಳಿದ: ಹಚ್ಚದ ಸ್ಟೌ, ಮೂರನೆಯ ಏಟು, ಸಂಜೆಯ ಸುಳ್ಳು.

ಅವಳು ಕೂಗಾಡಲಿಲ್ಲ. ಮೋಟಾರ್‌ಸೈಕಲ್ಲಿನ ಸೀಟು ಹಿಡಿದು ನಿಂತಳು.

"ಒಂಬತ್ತು ವರ್ಷ ಬೈದಿದೀನಿ ಅವರನ್ನ. ಹುಚ್ಚು ಅಂದೆ, ಮನೆ ಮೇಲೆ ನಿಗಾ ಇಲ್ಲ ಅಂದೆ. ನಗ್ತಾ ಅನ್ನಿಸ್ಕೊಂಡ್ರು. ನೀವು ಒಂದು ದಿನ ಬಾಯಿ ಬಿಟ್ಟಿದ್ರೆ…" ಉಸಿರು ಎಳೆದುಕೊಂಡಳು. "ಅವರಿಗೆ ಗೊತ್ತಿತ್ತಾ?"

"ಇಲ್ಲ."

"ಹೋಗಿ ಹೇಳಿ."

"ಅತ್ತಿಗೆ…"

"ನನಗೆ ಹೇಳಿ ಹಗುರ ಮಾಡ್ಕೋಬೇಡಿ. ಅವರಿನ್ನೂ ಮನೇಲೇ ಇದಾರೆ. ಹೋಗಿ ಹೇಳಿ."

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಅವಳ ತಮ್ಮ ಹಿತ್ತಲಿಗೆ ಇಣುಕಿದ. "ಅಕ್ಕಾ, ಗಾಡಿ ಬಂತು. ಎತ್ತೋಣ್ವಾ?"

"ಸ್ವಲ್ಪ ತಡಿ. ಇವರು ನಿನ್ನ ಭಾವನ ಹತ್ರ ಏನೋ ಮಾತಾಡ್ಬೇಕಂತೆ."

ಅವನು ಇಬ್ಬರ ಮುಖವನ್ನೂ ನೋಡಿ ವ್ಯಾನಿನವನಿಗೆ ಹೇಳಲು ಹೊರಟ. ನಡುಮನೆಯಲ್ಲಿ ಜನ ಸರಿದು ದಾರಿ ಬಿಟ್ಟರು. ಪಾಪ, ಪ್ರಾಣ ಸ್ನೇಹಿತ, ಎಂದು ಯಾರೋ ಪಿಸುಗುಟ್ಟಿದರು. ಟರ್ನರ್ ಗೆಳೆಯನ ತಲೆಯ ಬಳಿ ಕುಕ್ಕರುಗಾಲಲ್ಲಿ ಕುಳಿತು ಬಾಗಿದ. ಆಮೇಲೆ ಕಪ್ಪು ಮೆತ್ತಿದ ಎರಡು ಬೆರಳಿನಿಂದ, ನೀರಣ್ಣನ ಕಿವಿಗೆ ಇಟ್ಟಿದ್ದ ಹತ್ತಿಯನ್ನು ಮೆಲ್ಲಗೆ ಹೊರತೆಗೆದ.