ಬಿಳಿ ಟೊಪ್ಪಿಯ ಫೋಟೋ

"ಅಲ್ಲಿ ಟೊಪ್ಪಿ ಹಾಕಿ ನಿಂತದ್ದು ಯಾರು?" ಗಂಡ ಕೆಲಸ ಮಾಡುವ ಹೋಟೆಲಿನ ಮೇಜಿಗೆ ಕೂತೊಡನೆ ಅಮ್ಮು ಕೇಳಿಯೇಬಿಟ್ಟಳು.

ಮುಂಡಪ್ಪ ನೀರಿನ ಲೋಟಕ್ಕೆ ಕೈಹಾಕಿದ. ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದರಿಂದಲೇ, ಹೆಂಡತಿ ಊರಿನಿಂದ ಬಹರೈನಿಗೆ ಬಂದ ಮೇಲೆ ಮೂರು ಶುಕ್ರವಾರ ಒಂದೊಂದು ನೆವ ಹೇಳಿ ಅವಳನ್ನು ಹೂರಾ ಬಡಾವಣೆಯ ಕೋಣೆಯಲ್ಲೇ ಕೂರಿಸಿದ್ದ. ನಾಲ್ಕನೆಯದಕ್ಕೆ ನೆವ ಸಿಗಲಿಲ್ಲ.

"ಅವನು ರಾಜೀವ. ನಮ್ಮ ಕಾಪುವಿನವನೇ. ಇವತ್ತು ನನಗೆ ರಜೆ ಅಲ್ವಾ, ನನ್ನ ಬದಲಿಗೆ ನಿಂತಿದ್ದಾನೆ."

ಹಸಿ ಸುಳ್ಳು. ಕಡಲ ಬದಿಯ ಆ ಹೋಟೆಲು ಬ್ರಿಟಿಷರ ಕಾಲದ್ದು. ಕೆಳಗೆ ಪಬ್ಬು, ಮಗ್ಗುಲಲ್ಲಿ ಊಟದ ಹಾಲ್. ಶುಕ್ರವಾರ ಮಧ್ಯಾಹ್ನ ಇಡಿಯಾಗಿ ಬೇಯಿಸಿದ ಕುರಿಯ ತೊಡೆಯನ್ನು ಗಿರಾಕಿಗಳ ಎದುರೇ ಕೊಯ್ದು ಬಡಿಸುವುದು ಅಲ್ಲಿಯ ಪದ್ಧತಿ. ಬೆಳಿಗ್ಗೆ ಐದಕ್ಕೇ ಮಾಂಸಕ್ಕೆ ಬೆಳ್ಳುಳ್ಳಿ ತುರುಕಿ, ಓವನ್ನಿನ ಮುಂದೆ ಬೆವರುವವನು ಮುಂಡಪ್ಪ, ಹನ್ನೊಂದು ವರ್ಷದಿಂದ. ಇವತ್ತೂ ಬೇಯಿಸಿಟ್ಟೇ, ಮನೆಗೆ ಹೋಗಿ ಅಂಗಿ ಬದಲಾಯಿಸಿ ಹೆಂಡತಿಯನ್ನು ಕರೆತಂದಿದ್ದ. ಕೊಯ್ಯುವವನು ಮಾತ್ರ, ಮೂರು ವರ್ಷದ ಹಿಂದೆ ಅವನೇ ಹೇಳಿ ವೀಸಾ ಕೊಡಿಸಿದ ರಾಜೀವ. ಅಟ್ಟಿಕ್ಕುವವಳಿಗಿಂತ ಬೊಟ್ಟಿಕ್ಕುವವಳೇ ಮೇಲು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಪುಣ್ಯಾತ್ಮನಿಗೆ ಎತ್ತರವಿತ್ತು, ಇಂಗ್ಲಿಷು ಬರುತ್ತಿತ್ತು, ನಕ್ಕರೆ ಹಲ್ಲು ಚೆಂದ ಕಾಣುತ್ತಿತ್ತು. ಮುಂಡಪ್ಪನಿಗೆ ಆ ಹಲ್ಲು ಕಂಡರೂ ಹೊಟ್ಟೆ ಉರಿಯುತ್ತಿತ್ತು.

ಅದೇ ಉರಿಯಲ್ಲಿ ಒಂದು ದಿನ ರಾಜೀವನ ಟೊಪ್ಪಿ ಕೇಳಿ ಹಾಕಿಕೊಂಡು, ಅವನ ಚೂರಿ ಹಿಡಿದು ಫೋಟೋ ತೆಗೆಸಿದ್ದ. 'ಸಾಹೇಬರಿಗೆಲ್ಲ ಕೊಯ್ದು ಬಡಿಸುವುದು ನಾನೇ' ಎಂದು ಬರೆದು ಊರಿಗೆ ಕಳಿಸಿದ್ದ. ಅಮ್ಮು ಅದಕ್ಕೆ ಫ್ರೇಮು ಹಾಕಿಸಿ ನೆರೆಕರೆಗೆಲ್ಲ ತೋರಿಸಿದ್ದಳು.

ಇಬ್ಬರೂ ತಟ್ಟೆ ಹಿಡಿದು ಎದ್ದರು. ಸಾಲಿನಲ್ಲಿ ಇವರ ಮುಂದೆ ಒಬ್ಬ ಬಿಳಿಯ ಮಡ್ಡಮ್ಮ ನಿಂತಿದ್ದಳು. ಎರಡನೇ ಸಲ ಬಡಿಸಿಕೊಳ್ಳಲು ಬಂದವಳು, ಮಾಂಸ ಬಾಯಲ್ಲಿ ಕರಗುತ್ತದೆ ಎಂದು ರಾಜೀವನನ್ನು ಹೊಗಳಿದಳು. "ಥ್ಯಾಂಕ್ಯೂ ಮೇಡಂ" ಎಂದ ಅವನು, ತಾನೇ ಬೇಯಿಸಿದ ಹಾಗೆ! ಮಡ್ಡಮ್ಮ ಸರಿದಳು, ಇವರ ಸರದಿ ಬಂತು.

"ನಮಸ್ಕಾರ ಅತ್ತಿಗೆ, ಬನ್ನಿ ಬನ್ನಿ!"

"ಚೆಂದ ಕೊಯ್ತೀರಿ ಮಾರಾಯ್ರೆ," ಎಂದಳು ಅಮ್ಮು. "ಇವರೇ ಕಲಿಸಿದ್ದಾ?"

ರಾಜೀವ ಮುಂಡಪ್ಪನ ಮುಖ ನೋಡಿದ. ಫೋಟೋ ತೆಗೆಸಿದ್ದು ಯಾಕೆಂದು ಅವನಿಗೆ ಆಗ ಹೊಳೆದಿರಬೇಕು. ತಟ್ಟನೆ ಟೊಪ್ಪಿ ತೆಗೆದು ಮುಂಡಪ್ಪನ ತಲೆಗಿಟ್ಟ.

"ಮತ್ತೆ ಯಾರು ಕಲಿಸುವುದು? ಗುರುಗಳು ಎದುರಿರುವಾಗ ನಾನು ಕೊಯ್ಯುವುದುಂಟಾ? ಅತ್ತಿಗೆಗೆ ನೀವೇ ಬಡಿಸಿ, ಮುಂಡಪ್ಪಣ್ಣ."

ಹಂಗಿಸಿದ್ದರೆ ವಾಸಿಯಿತ್ತು, ತಿರುಗಿ ಬೈಯಬಹುದಿತ್ತು. ಈ ಒಳ್ಳೆಯತನವನ್ನು ಏನು ಮಾಡುವುದು? ಮುಂಡಪ್ಪ ಚೂರಿ ಊರಿದ. ತುಂಡು ಒಂದು ಕಡೆ ದಪ್ಪವಾಯಿತು, ಇನ್ನೊಂದು ಕಡೆ ಹರಿದೇಹೋಯಿತು. ಹಿಂದೆ ನಿಂತ ಸಾಹೇಬ ಕೆಮ್ಮಿದ. ಟೊಪ್ಪಿ ಜಾರಿ ಕಿವಿ ಮುಚ್ಚಿತು.

ಮೇಜಿಗೆ ಬಂದು ಅಮ್ಮು ಮೊದಲ ತುತ್ತು ಬಾಯಿಗಿಟ್ಟಳು.

"ಬೇಯಿಸಿದ್ದು ನೀವಲ್ವಾ?"

"ಹ್ಞೂಂ."

"ಬೆಳ್ಳುಳ್ಳಿಯಲ್ಲೇ ಗೊತ್ತಾಯ್ತು." ಅವಳು ತಲೆ ಎತ್ತಲಿಲ್ಲ. "ಫೋಟೋದಲ್ಲೂ ಟೊಪ್ಪಿ ಕಿವಿವರೆಗೆ ಇಳಿದಿತ್ತು. ಫ್ರೇಮು ಹಾಕಿಸುವಾಗಲೇ ನೋಡಿದ್ದೆ ನಾನು."

ಚೂರಿ, ಫೋರ್ಕು ಬದಿಗಿಟ್ಟು, ಆ ದಪ್ಪ ತುಂಡನ್ನು ಕೈಯಲ್ಲೇ ಹರಿದು ಅರ್ಧವನ್ನು ಅವನ ತಟ್ಟೆಗೆ ಹಾಕಿದಳು. ಮುಂಡಪ್ಪ ಅದನ್ನು ಮುಟ್ಟಲಿಲ್ಲ. ಅವನು ಆಚೆ ನೋಡುತ್ತಿದ್ದ. ಅಲ್ಲಿ ಟೊಪ್ಪಿ ಮತ್ತೆ ರಾಜೀವನ ತಲೆ ಸೇರಿ, ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.