ಬಾಡಿಗೆಗೆ ಇಲ್ಲದ ಮನೆ

“ಇದ ಮನಿರೀ. ಕಿಟಕಿ ಇದ, ಮೆಟ್ಟಲಾನೂ ಇವ. ಕೀಲಿ ತಗೀರಿ,” ಎಂದು ಗದಗಿನ ಶಿವಲಿಂಗ ಮನೆಯ ಫೋಟೋ ಅಚ್ಚಾಗಿದ್ದ ಕಾಗದವನ್ನು ತವನಪ್ಪನ ಮೂಗಿಗೆ ಹಿಡಿದ. ಅವನ ಹಿಂದೆ ಹೆಂಡತಿ ಪ್ರಮಿಳಾ ಎರಡು ಸೂಟ್‌ಕೇಸು, ಒಂದು ಸ್ಟವ್ವು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸೊರಗಿದ್ದ ಇಬ್ಬರು ಹೆಣ್ಣುಮಕ್ಕಳ ನಡುವೆ ನಿಂತಿದ್ದಳು.

ಖಾನಾಪುರದ ಆ ಮನೆಯ ಮುಂದೆ ಹೀಗೆ ಗಂಟುಮೂಟೆ ಸಮೇತ ಬಂದಿಳಿದವರಲ್ಲಿ ಇವರು ನಾಲ್ಕನೆಯವರು. ಯಾವನೋ ಒಬ್ಬ ಇಂಟರ್‌ನೆಟ್ಟಿನಲ್ಲಿ ಮನೆಯ ಫೋಟೋ ಹಾಕಿ, ರಜೆಗೆ ಬಾಡಿಗೆಗೆ ಸಿಗುತ್ತದೆಂದು ಬರೆದು, ಮುಂಗಡವನ್ನು ತನ್ನ ಖಾತೆಗೆ ಹಾಕಿಸಿಕೊಂಡು ಮಾಯವಾಗುತ್ತಿದ್ದ. ಮನೆ ತವನಪ್ಪನದು. ಮೂರು ವರ್ಷದಿಂದ ಅದಕ್ಕೆ ಬೀಗ ಬಿದ್ದಿತ್ತು. ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಒಂದು ತಿಂಗಳು ಬಾಡಿಗೆಗಿದ್ದ, ಸದಾ ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡಿದ್ದ ಮನುಷ್ಯನದೇ ಈ ಕೆಲಸವೆಂದು ಅವನಿಗೆ ಅನುಮಾನ. ಅನುಮಾನದಿಂದ ಕಳ್ಳ ಸಿಗುತ್ತಾನೆಯೇ?

“ರೊಕ್ಕಾ ತಗೊಂಡವ ನಾ ಅಲ್ಲರೀ. ನಿಮಗ ಮೋಸ ಆಗೇತಿ,” ಎಂದ ತವನಪ್ಪ. “ಬರ್ರಿ, ಕುಂದರ್ರಿ. ಹೊತ್ತ ಮುಣಗೂದ್ರೊಳಗ ಊಟಾ ಮಾಡ್ರಿ.”

ಜೈನರವನು, ಸೂರ್ಯ ಮುಳುಗಿದ ಮೇಲೆ ತಾನೂ ಉಣ್ಣುವವನಲ್ಲ, ಮನೆಗೆ ಬಂದವರನ್ನೂ ಹಸಿದು ಕೂರಿಸುವವನಲ್ಲ. ಕಟ್ಟೆಯ ಮೇಲೆ ಪೇಪರು ಹಾಸಿ ಡಬ್ಬಿ ಬಿಚ್ಚಿದ. ಮನೆಯ ಕಸ ಹೊಡೆಯಲು ಹೋಗುವವನಿಗೆ ಹನ್ನೆರಡು ಚಪಾತಿ ಯಾಕೆಂದು ಬೆಳಗಾವಿಯಲ್ಲಿ ಹೆಂಡತಿ ರಾಜಮತಿ ಪ್ರತಿ ಶನಿವಾರ ಕೇಳುತ್ತಿದ್ದಳು. ಇವನು ಹಸಿವು ಜಾಸ್ತಿ ಎನ್ನುತ್ತಿದ್ದ.

“ಜೈನರ ಮನಿ, ನೀರ ಸೋಸೇ ಕೊಡತೇವಿ ಅಂತ ಬರದಿದ್ರು,” ಎಂದ ಶಿವಲಿಂಗ ತುತ್ತು ನುಂಗಲಾರದೆ. “ಅಷ್ಟಕ್ಕ ನಾವೇನ ನಂಬಿದ್ದಿಲ್ಲ. ಫೋಟೋದಾಗ ಒಬ್ಬಾಕಿ ಹುಡುಗಿ ಮೆಟ್ಟಲ ಮ್ಯಾಲ ಕುಂತು ಕವಳಿ ಹಣ್ಣ ತಿನ್ಕೋತ ನಗಾಕತ್ತಾಳ್ರೀ. ಮನಿ ಮಗಳು ಹಂಗ ನಗಬೇಕಂದ್ರ ಮನಿ ಖರೇನ ಇರಬೇಕಂದ್ವಿ.”

“ಬೆಳ್ಳಗಿದ್ದದ್ದೆಲ್ಲಾ ಹಾಲಂದ್ವಿ!” ಎಂದು ಪ್ರಮಿಳಾ ಸಿಡಿದಳು. ವರ್ಷವಿಡೀ ಕೂಡಿಟ್ಟ ರಜೆ ಅವಳದು, ಸಿಟ್ಟು ಬರದೆ ಏನು ಮಾಡೀತು? “ಅಕೀನೂ ಆ ಕಳ್ಳನ ಕೂಡ ಸಾಮೀಲ ಇರಬೇಕು. ನಕ್ಕೋತ ಕುಂತು ಮಂದಿ ಕುತಗಿ ಕೊಯ್ದಳಲ್ಲ, ಅಕೀ ಹೆಣಾ ಎತ್ತಲಿ!”

ತವನಪ್ಪನ ಕೈಯಲ್ಲಿದ್ದ ಪಲ್ಯದ ಚಮಚ ಅಲ್ಲೇ ನಿಂತಿತು. ಆ ಹೆಣವನ್ನು ಎತ್ತಿದವನು ಅವನೇ. ಹತ್ತೊಂಬತ್ತು ವರ್ಷದ ಮಗಳು ಶರ್ವರಿ, ಮೂರು ವರ್ಷದ ಹಿಂದೆ ಮೆದುಳು ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿದ್ದಳು. ಅವನು ಪ್ರಮಿಳಾಳ ಚಪಾತಿಗೆ ಇನ್ನೊಂದು ಚಮಚ ಪಲ್ಯ ಹಾಕಿದ. ಹೊತ್ತಿಳಿಯುವ ಮೊದಲೇ ಅವರನ್ನು ಗದಗಿನ ಕಡೆಯ ಬಸ್ಸಿಗೆ ಹತ್ತಿಸಿ ಬಂದ.

ಮೋಸಗಾರನನ್ನು ಬೈಯುವುದು ಸುಲಭ. ತವನಪ್ಪನನ್ನು ಸುಡುತ್ತಿದ್ದದ್ದು ಬೇರೆ. ಬೆಳಗಾವಿಯ ಸೈಬರ್ ಕೆಫೆಯ ಬಾಳೇಶ ಹತ್ತು ವಾರದ ಹಿಂದೆಯೇ ಹೇಳಿದ್ದ: ಆ ಸೈಟಿನವರಿಗೆ ಒಂದು ದೂರು ಬರೆದರೆ ಸಾಕು, ಮನೆಯ ಜಾಹೀರಾತು, ಫೋಟೋ ಎರಡನ್ನೂ ತೆಗೆದುಹಾಕುತ್ತಾರೆ. ತವನಪ್ಪ ನಾಳೆ ಎಂದಿದ್ದ. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಬಂದಿದ್ದಕ್ಕೆ ಶರ್ವರಿ ಯಾವ ಫೋಟೋದಲ್ಲೂ ಬಾಯಿ ತೆರೆದವಳಲ್ಲ. ಕ್ಯಾಮೆರಾ ಇದೆಯೆಂದು ಗೊತ್ತಿಲ್ಲದೆ ಅವಳು ನಕ್ಕದ್ದು ಇದೊಂದರಲ್ಲೇ. ದಿನಾ ಸಂಜೆ ಅರ್ಧ ತಾಸಿನ ದುಡ್ಡು ಕೊಟ್ಟು ಅವನು ಅದನ್ನು ನೋಡಿ ಬರುತ್ತಿದ್ದ. ಶನಿವಾರ ಖಾನಾಪುರಕ್ಕೆ ಹೋಗಿ, ಮೋಸ ಹೋದವರಿಗೆ ಉಣಬಡಿಸಿ, ಪಾಪ ಅಲ್ಲಿಗಲ್ಲಿಗೆ ಸರಿಹೋಯಿತೆಂದುಕೊಳ್ಳುತ್ತಿದ್ದ. ಚಪಾತಿಯಿಂದ ಪಾಪ ಕಳೆಯುವಂತಿದ್ದರೆ ಊರಿನ ಖಾನಾವಳಿಯವರೆಲ್ಲ ಮೋಕ್ಷಕ್ಕೆ ಹೋಗುತ್ತಿದ್ದರು.

ಆ ಸಂಜೆ ಅವನು ರಾಜಮತಿಗೆ ಎಲ್ಲವನ್ನೂ ಹೇಳಿದ. ಶಾಪವನ್ನೂ ಬಿಡಲಿಲ್ಲ. ಮರುದಿನ ಬಸದಿಯಿಂದ ಬಂದವಳು ಉಟ್ಟ ಸೀರೆಯಲ್ಲೇ ಆಟೋ ಹತ್ತಿ, “ನಡೀರಿ, ತೋರಸ್ರಿ,” ಎಂದಳು.

ಬಾಳೇಶ ಕುರ್ಚಿ ಒರೆಸಿ ಕೊಟ್ಟ. ಕಂಪ್ಯೂಟರಿನ ಗಾಜಿನಲ್ಲಿ ಫೋಟೋ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಹೆಂಚು, ಆಮೇಲೆ ಕಿಟಕಿ, ಬಾಗಿಲು. ಬಾಗಿಲಿನ ಕೆಳಗೆ ಕೂದಲು ಕಂಡಾಗ ರಾಜಮತಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಆಮೇಲೆ ಹಣೆ, ಕಣ್ಣು, ಹಣ್ಣಿನ ರಸಕ್ಕೆ ಕಪ್ಪಾದ ಬಾಯಿ.

“ಹಲ್ಲ ಕಾಣಾಕತ್ತಾವ್ರೀ,” ಎಂದಳು.

ಕೈ ಚಾಚಿ ಗಾಜಿನ ಮೇಲೆ ಆ ಕೆನ್ನೆಯನ್ನು ಮುಟ್ಟಿದಳು. ಚಟಚಟ ಸದ್ದಾಯಿತು. ಅವಳ ಮುಂಗೈಯ ರೋಮಗಳೆಲ್ಲ ಎದ್ದು ನಿಂತವು.

“ಅದ ಗಾಜಿನ ಮ್ಯಾಗಿನ ಕರೆಂಟ್ರೀ ಅಕ್ಕಾರ, ಅಂಜಬ್ಯಾಡ್ರಿ,” ಎಂದ ಬಾಳೇಶ. “ದೂರು ಬರದ ಇಟ್ಟೇನಿ, ಒತ್ತಿದ್ರ ಹೋಗ್ತೇತಿ. ಅದಕಿಂತಾ ಮೊದಲ ಫೋಟೋ ಬೇಕಂದ್ರ ಫ್ಲಾಪಿಗೆ ಹಾಕಿ ಕೊಡ್ತೇನಿ. ಇಟ್ಕೊಳ್ರಿ.”

ತವನಪ್ಪ ಆಸೆಯಿಂದ ಹೆಂಡತಿಯ ಮುಖ ನೋಡಿದ. ಇಷ್ಟು ಸುಲಭದ ದಾರಿ ಅವನಿಗೆ ಹೊಳೆದೇ ಇರಲಿಲ್ಲ.

“ಬ್ಯಾಡಪಾ,” ಎಂದಳು ರಾಜಮತಿ. “ನಾಕ ಮನಿ ಮಂದೀನ ಅಳಸಿದ ಫೋಟೋ ಅದು. ಅದನ್ನ ಮನ್ಯಾಗ ಇಟ್ಕೊಂಡ್ರ ಆ ಹೆಣಮಗಳು ಅಕೀಗೆ ಅಂದದ್ದೆಲ್ಲಾ ಖರೇ ಆಗತೇತಿ. ಕಳಿಸಿಬಿಡು.”

ಬಾಳೇಶ ತವನಪ್ಪನ ಕಡೆ ತಿರುಗಿದ. ತವನಪ್ಪ ತಲೆಯಾಡಿಸಿದ. ಗುಂಡಿ ಒತ್ತಿದ ಸದ್ದು ಬಂದಾಗ ಅವನು ಹೆಂಡತಿಯ ಕುರ್ಚಿಯ ಬೆನ್ನು ಹಿಡಿದು ನಿಂತ.

ವಾಪಸು ಬರುವಾಗ ಆಟೋ ಕುಲುಕುತ್ತಿತ್ತು. “ಸರಳ ಹಿಡಕೋ, ಬಿದ್ದೀಯ,” ಎಂದ ತವನಪ್ಪ. ರಾಜಮತಿ ಎಡಗೈಯಿಂದ ಸರಳು ಹಿಡಿದಳು. ಗಾಜು ಮುಟ್ಟಿದ ಬಲಗೈಯನ್ನು ಮುಷ್ಟಿ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದಳು. ಮನೆ ಬಂದರೂ ಬಿಚ್ಚಲಿಲ್ಲ.