ಕೋಟಿನ ಗುಂಡಿಯೂ ಪೀಪಿಯ ಸದ್ದೂ

"ಮಧ್ಯಾಹ್ನದ ಪ್ರದರ್ಶನಕ್ಕೆ ಇದನ್ನ ಹಾಕಿ. ನಿಮ್ಮ ಮಾವನ ಧ್ವನಿ ತೆಗೆದುಬಿಡಿ."

ನಿರ್ಮಾಪಕರ ಮಗ ಪೆನ್‌ಡ್ರೈವನ್ನು ಧ್ವನಿ ಎಂಜಿನಿಯರಳ ಮೇಜಿನ ಮೇಲಿಟ್ಟು, ಅವಳ ಮುಖ ನೋಡದೆ ಗೋಡೆಯ ಗಡಿಯಾರ ನೋಡಿದ.

"ಇದರಲ್ಲಿ ಏನಿದೆ ಸರ್?"

"ಮಿಮಿಕ್ರಿಯವನೊಬ್ಬನ ಕೈಲಿ ಮಾಡಿಸಿದ್ದೀನಿ. ಹಳೇದರ ಥರಾನೇ ಕೀರಲು. ಜೊತೆಗೆ ಪೀಪಿ."

"ಪೀಪಿ ಇರಲ್ಲ ಅಂತ ಮಾವನಿಗೆ ಮಾತು ಕೊಟ್ಟಿದ್ರಿ."

"ಮಾತು ಕೇಳೋಕೆ ಯಾರೂ ಥಿಯೇಟರಿಗೆ ಬರಲ್ಲ ಮೇಡಂ. ನಗೋಕೆ ಬರ್ತಾರೆ."

ಅವನ ತಂದೆಯ ಕಾಲದಲ್ಲಿ ಮನೆಮಾತಾಗಿದ್ದ ಆ ಚಿತ್ರ ಮರುಬಿಡುಗಡೆಗೆ ಸಿದ್ಧವಾಗಿತ್ತು. ದೃಶ್ಯಗಳೆಲ್ಲ ಉಳಿದಿದ್ದವು, ಒಂದು ರೀಲಿನ ಧ್ವನಿ ಮಾತ್ರ ಪೂರ್ತಿ ಹಾಳಾಗಿತ್ತು. ಆ ರೀಲು ಅವಳ ಸೋದರಮಾವನದು. ನಾಯಕನ ಮನೆಯಾಳಿನ ಪಾತ್ರ. ಜನ ಇಟ್ಟ ಹೆಸರು 'ವೈಯಾರಿ'. ಅವನು ಸೊಂಟ ತಿರುಗಿಸಿದಾಗಲೆಲ್ಲ ಹಿನ್ನೆಲೆಯಲ್ಲಿ ಪೀಪಿಯೊಂದು ಕುಯ್ಯೆನ್ನುತ್ತಿತ್ತು, ಚಿತ್ರಮಂದಿರ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆ ಸದ್ದು ಪರದೆಯಲ್ಲೇ ಉಳಿಯಲಿಲ್ಲ. ಬಸ್ಸಿನಲ್ಲಿ, ತರಕಾರಿ ಅಂಗಡಿಯ ಮುಂದೆ, ತಂಗಿಯ, ಅಂದರೆ ಅವಳ ತಾಯಿಯ, ಶವಸಂಸ್ಕಾರದ ದಿನವೂ ಯಾರೋ ಒಬ್ಬರು ಮಾವನ ಬೆನ್ನ ಹಿಂದೆ ಕುಯ್ಯೆಂದಿದ್ದರು. ಮರುಧ್ವನಿ ಕೊಡಲು ಮಾವ ಎರಡೇ ಷರತ್ತು ಹಾಕಿದ್ದ: ಕೀರಲಿಲ್ಲದ ನನ್ನ ಸ್ವಂತ ಧ್ವನಿ ಇರಬೇಕು, ಪೀಪಿ ಇರಬಾರದು.

ಇಂದು ಚಿತ್ರಮಂದಿರಗಳ ಮಾಲೀಕರು ಒಪ್ಪಿದರೆ, ಅವರು ಕೇಳಿದ ಧ್ವನಿಯೇ ಊರೂರಿಗೆ ಹೋಗುತ್ತದೆ. ಆಮೇಲೆ ಮಾಡುವುದೇನೂ ಇರುವುದಿಲ್ಲ.

ಅವಳು ಫೋನು ಮಾಡಿದಳು. ಎಲ್ಲ ಕೇಳಿಸಿಕೊಂಡ ಮಾವ ಕೆಮ್ಮಿದ.

"ಹಾಕು."

"ಮಾವ, ಅವನು ಹೇಳಿದ್ದನ್ನೇ ಹಾಕಬೇಕಾ?"

"ನಿನ್ನ ಕೆಲಸಕ್ಕೆ ಕಲ್ಲು ಬೀಳೋದು ಬೇಡ. ಹಾಕು. ನಾವಿಬ್ರೂ ಬರ್ತೀವಿ."

"ಬಂದು ಏನ್ಮಾಡ್ತೀರಿ?"

ಫೋನು ಕಟ್ಟಾಯಿತು.

ಮಾವನ ಜೊತೆ ಬರುವ ಇನ್ನೊಬ್ಬರೆಂದರೆ ಟೈಲರು. ಆ ಚಿತ್ರಕ್ಕೆ ಬಟ್ಟೆ ಹೊಲಿದವರು; ಅಂದಿನಿಂದ ಮಾವನ ಮನೆಯಲ್ಲೇ, ಮಾವನ ಜೊತೆಯಲ್ಲೇ ಬಾಳಿದವರು. ತಾಯಿ ತೀರಿಕೊಂಡ ಮೇಲೆ ಅವಳನ್ನು ಬೆಳೆಸಿದವರು ಈ ಇಬ್ಬರು ಗಂಡಸರೇ. 'ನಿಮ್ಮನ್ನ ಏನಂತ ಕರೀಲಿ' ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಟೈಲರು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದ್ದರು: "ಲೆಕ್ಕಕ್ಕೆ ಅತ್ತೆ. ಆದ್ರೆ ಹಾಗೆ ಕರೆದ್ರೆ ಪಾತ್ರೆ ಉಜ್ಜಿಸ್ತೀನಿ, ನೋಡ್ಕೋ."

ಕಳೆದ ವಾರ ಮಾವ ಮೈಕಿನ ಮುಂದೆ ನಿಂತಾಗ ಟೈಲರು ಹಿಂದಿನ ಸೋಫಾದಲ್ಲಿದ್ದರು. ಪರದೆಯ ಮೇಲೆ ಮದುವೆಗೆ ಹೊರಟ ನಾಯಕನಿಗೆ ಮನೆಯಾಳು ಕೋಟು ತೊಡಿಸುತ್ತಿದ್ದ. ಸದ್ದಿಲ್ಲದೆ ಓಡುತ್ತಿದ್ದ ಆ ದೃಶ್ಯವನ್ನು ನೋಡುತ್ತ ಅವಳಿಗೆ ವಿಚಿತ್ರವೆನಿಸಿತು. ಎದೆಯ ಮೇಲಿನ ಗುಂಡಿಯ ಹತ್ತಿರ ಮನೆಯಾಳಿನ ಬೆರಳುಗಳು ನಿಂತೇಬಿಟ್ಟಿದ್ದವು. ಅವನು ತಲೆ ಎತ್ತಿ ನೋಡುವ ನೋಟದಲ್ಲಿ ನಗುವಂಥದ್ದು ಏನೂ ಇರಲಿಲ್ಲ.

"ಒಂದು ಗುಂಡಿ ಹಾಕೋಕೆ ಇಷ್ಟು ಹೊತ್ತಾ ಮಾವ?"

ಉತ್ತರ ಸೋಫಾದಿಂದ ಬಂತು. "ಕಾಜಾ ಚಿಕ್ಕದು ಮಾಡಿದ್ದು ನಾನು."

"ಯಾಕೆ?"

"ಚಿತ್ರದ ತುಂಬ ಇವನನ್ನ ಅಲ್ಲಿಂದಿಲ್ಲಿಗೆ ಓಡಾಡಿಸಿದ್ರು. ಒಂದು ಕಡೆಯಾದ್ರೂ ನಿಲ್ಲಲಿ ಅಂತ. ಗುಂಡಿ ತೂರ್ಲಿಲ್ಲ, ಇವನು ಕೈ ತೆಗೀಲಿಲ್ಲ. ನಾಯಕನ ಮಾತು ಓಡ್ತಿತ್ತು, ಕತ್ತರಿ ಹಾಕೋಕೆ ಅವರಿಗೆ ಜಾಗಾನೇ ಸಿಗ್ಲಿಲ್ಲ."

"ಅದಕ್ಕೇ ಪೀಪಿ ಊದಿದ್ರು," ಎಂದ ಮಾವ.

ಮಧ್ಯಾಹ್ನ ಮಾಲೀಕರು ಬಂದು ಮೆತ್ತನೆಯ ಕುರ್ಚಿಗಳಲ್ಲಿ ಹರಡಿಕೊಂಡು ಕುಳಿತರು. ಅವರಲ್ಲಿ ಒಬ್ಬಾಕೆ ಮಾತ್ರ ಹೆಂಗಸು, ನರೆತ ಕೂದಲಿನ ಠೀವಿಯಾಕೆ. ದೀಪ ಆರುವ ಮುಂಚೆ ಮಾವ ಮತ್ತು ಟೈಲರು ಒಳಬಂದು ಎರಡನೆಯ ಸಾಲಿನಲ್ಲಿ ಕುಳಿತರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ನಿರ್ಮಾಪಕರ ಮಗ ಹಿಂಬದಿಯಿಂದ ಅವಳಿಗೆ ಸನ್ನೆ ಮಾಡಿದ. ಅವಳು ಚಿತ್ರ ಶುರುಮಾಡಿದಳು.

ಆ ರೀಲು ಬಂತು. ಮನೆಯಾಳು ಕೋಟು ಹಿಡಿದು ಬಳುಕಿದ. ಕುಯ್ಯ್. ಮಾಲೀಕರು ನಕ್ಕರು. ಮಿಮಿಕ್ರಿಯವನ ಕೀರಲು ಧ್ವನಿ ಕೇಳಿಬಂತು. ಇನ್ನೂ ಜೋರಾಗಿ ನಕ್ಕರು. ಮುಂದಿನ ಸಾಲಿನವನೊಬ್ಬ ತೊಡೆ ತಟ್ಟಿಕೊಂಡ.

ಮಾವ ಎದ್ದ.

"ಸ್ವಲ್ಪ ನಿಲ್ಲಿಸಮ್ಮ."

ಅವಳು ನಿಲ್ಲಿಸಿದಳು. ಪರದೆಯ ಮೇಲೆ ಬೆರಳುಗಳು ಗುಂಡಿಯ ಹತ್ತಿರ ನಿಶ್ಚಲವಾದವು.

"ಅಂಕಲ್, ಆಮೇಲೆ ಮಾತಾಡೋಣ. ಕೂತ್ಕೊಳ್ಳಿ," ಎಂದ ನಿರ್ಮಾಪಕರ ಮಗ.

"ಕೂತಿದ್ದೆನಪ್ಪ, ಬೇಕಾದಷ್ಟು ವರ್ಷ. ಈಗ ಒಂದು ವಿಷಯ ಹೇಳ್ತೀನಿ. ಈ ಕೀರಲು ಇಟ್ಟು ಬಿಡುಗಡೆ ಮಾಡಿದ್ರೆ, ಒಂದೊಂದು ಥಿಯೇಟರಿಗೂ ಟಿಕೆಟ್ ತಗೊಂಡು ಬರ್ತೀನಿ. ಈ ಸೀನಿಗೆ ಎದ್ದು ನಿಂತು ನನ್ನ ಮಾತು ನಾನೇ ಹೇಳ್ತೀನಿ."

"ಹೇಳಿದ್ರೆ ಜನ ನಗ್ತಾರೆ, ಅಂಕಲ್."

"ನಗಲಿ. ನನ್ನ ಮುಖ ನೋಡಿ ನಗಲಿ." ಅವನು ಅವಳತ್ತ ತಿರುಗಿದ. "ಮೊದಲಿಂದ ಹಾಕಮ್ಮ. ಪೀಪಿ ಸಮೇತ."

ಅವಳು ನಿರ್ಮಾಪಕರ ಮಗನನ್ನು ನೋಡಲಿಲ್ಲ. ಕೀರಲು ಧ್ವನಿಯನ್ನು ಮುಚ್ಚಿದಳು, ನಾಯಕನಿಗೆ ಬೇರೊಬ್ಬರು ಕೊಟ್ಟಿದ್ದ ಧ್ವನಿಯನ್ನೂ ಮುಚ್ಚಿದಳು. ಪೀಪಿಯನ್ನು ಪೂರ್ತಿ ಏರಿಸಿದಳು.

ಪರದೆಯ ಕೆಳಗೆ ಹೋಗಿ ನಿಂತ ಮಾವನ ನಡಿಗೆಯಲ್ಲಿ ಅದೇ ಬಳುಕಿತ್ತು. ಅದು ಎಂದೂ ನಟನೆಯಾಗಿರಲಿಲ್ಲ. ಕುಯ್ಯೆಂದಿತು. ಒಬ್ಬ ಅಭ್ಯಾಸಬಲದಿಂದ ನಕ್ಕು, ಜೊತೆಗೆ ಯಾರೂ ಇಲ್ಲದ್ದನ್ನು ಕಂಡು ಅರ್ಧಕ್ಕೇ ನುಂಗಿಕೊಂಡ.

"ಯಜಮಾನ್ರೇ," ಎಂದ ಮಾವ ತನ್ನ ದಪ್ಪ, ತಗ್ಗಿನ ಧ್ವನಿಯಲ್ಲಿ. "ಇವತ್ತಿಂದ ಈ ಕೋಟಿಗೆ ಬೇರೆ ಕೈ ಬರುತ್ತೆ."

ನಾಯಕನ ತುಟಿ ಮೌನವಾಗಿ ಆಡಿತು. ಆಗ ಎರಡನೆಯ ಸಾಲಿನಲ್ಲಿ ಟೈಲರು ಮೊಣಕಾಲು ಹಿಡಿದುಕೊಂಡು ಎದ್ದರು. ಚಿತ್ರೀಕರಣದ ದಿನ ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದವರಿಗೆ ನಾಯಕನ ಮಾತು ಮರೆತಿರಲಿಲ್ಲ.

"ಹಾಗಾದ್ರೆ ನೀನೆಲ್ಲಿಗೆ ಹೋಗ್ತೀಯ?"

ಕುಯ್ಯ್.

"ಎಲ್ಲಿಗೂ ಇಲ್ಲ. ಬಾಗಿಲಾಚೆ ಇರ್ತೀನಿ. ಕರೆದ್ರೆ ಬರ್ತೀನಿ."

"ಕರೀದಿದ್ರೆ?"

"ಕರೀದಿದ್ರೂ ಇರ್ತೀನಿ."

ಪೀಪಿ ಮತ್ತೆ ಮತ್ತೆ ಊದಿತು. ತುಂಬಿದ ಕೊಠಡಿಯಲ್ಲಿ ಅದೊಂದೇ ಬುದ್ಧಿಗೆಟ್ಟಂತೆ ಅರಚುತ್ತಿತ್ತು. ಮುಂದಿನ ಸಾಲಿನವನು ತನ್ನ ಕೈಗಳನ್ನು ತೊಡೆಯಿಂದ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡ. ಇನ್ನೊಬ್ಬ, "ಸಂಸಾರಸ್ಥರು ಬರೋ ಜಾಗ ನಮ್ಮದು," ಎಂದು ಗೊಣಗುತ್ತ ಎದ್ದು ಹೊರಟುಹೋದ. ನರೆತ ಕೂದಲಿನಾಕೆ ಅವನು ಬಾಗಿಲು ದಾಟುವವರೆಗೆ ಕಾದಳು.

"ನನ್ನ ಥಿಯೇಟರಿಗೆ ಈ ಇಬ್ಬರ ಧ್ವನೀಲೇ ಕಳಿಸಿ. ಆ ಪೀಪಿ ಊದೋನು ಯಾರು, ಮೊದಲು ಅವನ ಬಾಯಿ ಮುಚ್ಚಿಸಿ. ನನಗೆ ಮಾತು ಕೇಳಿಸ್ತಿಲ್ಲ."

ಉಳಿದವರು ಅಲ್ಲಾಡಲಿಲ್ಲ. ನಿರ್ಮಾಪಕರ ಮಗ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರೂ ಅವನತ್ತ ತಿರುಗಿರಲಿಲ್ಲ.

"ಪೀಪಿ ತೆಗೀರಿ, ಆ ಕೀರಲನ್ನೂ," ಎಂದ ಕೊನೆಗೆ.

"ಇವತ್ತಿಗೆ ಮಾತ್ರಾನಾ, ಪೂರ್ತಿನಾ?" ಎಂದು ಮಾವ ಪರದೆಯ ಕೆಳಗಿನಿಂದಲೇ ಕೇಳಿದ.

"ಪೂರ್ತಿ, ಅಂಕಲ್."

"ಗಟ್ಟಿಯಾಗಿ ಹೇಳಪ್ಪ. ಎಲ್ಲರಿಗೂ ಕೇಳಿಸಲಿ."